ತೆಂಗಿನ ಸೀಮೆಯ ಸಂಸಾರಕ್ಕೆ ಸಣ್ಣ ಕಾರು

ಸಂಸಾರಿಗಳು ಕೊಳ್ಳುವ ವಸ್ತುಗಳಲ್ಲಿ ಕೆಲವು ಇದ್ದಷ್ಟು ಕಾಲವೂ ಬೆಲೆ ಬಾಳುವುವು. ಕೆಲವು ಮನೆಗೆ ಬಂದ ದಿನದಿಂದಲೇ ಬೆಲೆ ಕಳೆದುಕೊಳ್ಳುವುವು. ಚಿನ್ನವೂ ತೋಟವೂ ಮೊದಲನೆಯ ಜಾತಿಗೆ ಸೇರಿದುವು, ಕಾರು ಎರಡನೆಯದಕ್ಕೆ. ಹಾಗಿದ್ದರೂ ಕಾರು ಇಂದು ಶ್ರೀಮಂತರ ವಿಲಾಸವಸ್ತುವಾಗಿ ಮಾತ್ರ ಉಳಿದಿಲ್ಲವೆಂಬುದು ಹೊನ್ನವಳ್ಳಿಯಂಥ ಊರನ್ನು ನೋಡಿದರೆ ವಿಶದವಾಗುತ್ತದೆ. ಒಂದು ಕಾಲದಲ್ಲಿ ತನ್ನ ಹೆಸರಿನ ತಾಲ್ಲೂಕಿಗೆ ತಾನೇ ಕಸಬೆಯಾಗಿದ್ದು, ಈಗ ತಿಪಟೂರು ತಾಲ್ಲೂಕಿನ ಒಂದು ಹೋಬಳಿಯಾಗಿರುವ ಈ ಊರಿಗೂ ತಿಪಟೂರಿಗೂ ನಡುವೆ ಹತ್ತು ಹನ್ನೆರಡು ಕಿಲೋಮೀಟರು ದಾರಿ. ಕೊಬ್ಬರಿಯ ಮಾರುಕಟ್ಟೆ, ರೈಲು ನಿಲ್ದಾಣ, ಕಾಲೇಜು, ದೊಡ್ಡ ಆಸ್ಪತ್ರೆ ಎಲ್ಲವೂ ಅಲ್ಲಿ. ತೋಟದ ಮನೆಗಳಾದರೋ ಊರಿನಿಂದಲೂ ದೂರ. ಕೊನೆಯ ಬಸ್ಸು ಹೋದಮೇಲೆ ಮನೆಯ ಮುದುಕರಿಗೆ ಎದೆನೋವು ಬಂದಾಗ, ಇಲ್ಲವೆ ತುಂಬಿದ ಬಸುರಿಗೆ ಹೊತ್ತಲ್ಲದ ಹೊತ್ತಿನಲ್ಲಿ ನೋವು ಕಾಣಿಸಿಕೊಂಡಾಗ, ಬಾಗಿಲಲ್ಲಿ ಒಂದು ವಾಹನವಿದೆಯೆಂಬ ಧೈರ್ಯದ ಬೆಲೆಯನ್ನು ರೂಪಾಯಿಗಳಲ್ಲಿ ಕಟ್ಟಲಾಗುವುದಿಲ್ಲ.

ಈ ವಿಷಯವನ್ನು ಎತ್ತಿಕೊಳ್ಳುವುದಕ್ಕೆ ಇನ್ನೂ ಒಂದು ಕಾರಣವುಂಟು. 2025ನೆಯ ಇಸವಿಯಲ್ಲಿ ತಿಪಟೂರಿನ ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿಯ ಧಾರಣೆ ಕ್ವಿಂಟಾಲಿಗೆ 25,000 ರೂಪಾಯಿಗಳನ್ನು ಮೀರಿತು. ಅದೇ ವರ್ಷದ ಸೆಪ್ಟೆಂಬರ್ 22ರಂದು ಸಣ್ಣ ಕಾರುಗಳ ಮೇಲಿನ ತೆರಿಗೆಯೂ ಇಳಿಯಿತು. ಅದುವರೆಗೆ ನೂರಕ್ಕೆ 28ರಷ್ಟು ತೆರಿಗೆಯ ಮೇಲೆ ಉಪಕರವೂ ಇದ್ದದ್ದು, ಅಂದಿನಿಂದ ನೂರಕ್ಕೆ 18 ಮಾತ್ರ ಆಯಿತು. ನಾಲ್ಕು ಮೀಟರು ಉದ್ದವನ್ನೂ, ಪೆಟ್ರೋಲಿನದಾದರೆ 1,200 ಸಿ.ಸಿ. ಯಂತ್ರವನ್ನೂ ಮೀರದ ಕಾರುಗಳಿಗೆ ಈ ಅನುಕೂಲ. ಕೈಯಲ್ಲಿ ಹಣ ಓಡಾಡುವ ಹೊತ್ತಿಗೇ ಬೆಲೆಯೂ ಇಳಿದರೆ ಆಸೆ ಹುಟ್ಟುವುದು ಸಹಜ. ಆದರೆ ಎರಡು ವರ್ಷಗಳ ಹಿಂದಿನ ಮಾತನ್ನು ಮರೆಯಲಾಗದು. 2023ರಲ್ಲಿ ಇದೇ ಕೊಬ್ಬರಿ 8,000 ರೂಪಾಯಿಗಳ ಆಸುಪಾಸಿಗೆ ಕುಸಿದು, ಬೆಂಬಲ ಬೆಲೆಗಾಗಿ ರೈತರು ಬೀದಿಗೆ ಬಂದಿದ್ದರು. ಒಂದು ಕಾರು ಹತ್ತು ವರ್ಷಗಳಾದರೂ ಮನೆಯಲ್ಲಿರತಕ್ಕದ್ದು. ಆ ಹತ್ತು ವರ್ಷಗಳಲ್ಲಿ ಕೊಬ್ಬರಿಯು ಎಷ್ಟು ಸಾರಿ ಏರಿ ಎಷ್ಟು ಸಾರಿ ಇಳಿಯುವುದೋ ಯಾರು ಬಲ್ಲರು? ಆದಕಾರಣ ಏರಿದ ವರ್ಷದ ಕಣ್ಣಿನಿಂದಲ್ಲ, ಇಳಿದ ವರ್ಷದ ಕಣ್ಣಿನಿಂದ ಕಾರನ್ನು ಆರಿಸಬೇಕೆಂಬುದೇ ನಾವು ಮುಖ್ಯವಾಗಿ ಹೇಳಬೇಕೆಂದಿರುವ ಮಾತು.

ಸಾಮಾನ್ಯ ಸಂಸಾರಕ್ಕೆ ಎಟಕುವ ಕಾರನ್ನು ಮಾಡಬೇಕೆಂಬ ಯತ್ನ ಹಳೆಯದು. ಅಮೆರಿಕದ ಫೋರ್ಡರು 1908ರಲ್ಲಿ ತಮ್ಮ ‘ಟಿ’ ಮಾದರಿಯನ್ನು ತಂದದ್ದು ಈ ಉದ್ದೇಶದಿಂದಲೇ. ಫ್ರಾನ್ಸಿನ ಸಿಟ್ರೊಯೆನ್ ಕಾರ್ಖಾನೆಯ ಮುಖ್ಯಸ್ಥ ಬೂಲಾಂಜೆ ಎಂಬವರು ತಮ್ಮ ಕುಶಲಿಗಳಿಗೆ ವಿಧಿಸಿದ ನಿಯಮಗಳಂತೂ ನಮ್ಮ ರೈತರು ಕೇಳಿ ಮೆಚ್ಚತಕ್ಕುವು: ಇಬ್ಬರು ಒಕ್ಕಲಿಗರು ಐವತ್ತು ಕಿಲೋಗ್ರಾಂ ಆಲೂಗಡ್ಡೆಯೊಡನೆ ಹೋಗಬೇಕು; ಉತ್ತ ಹೊಲದ ಮೇಲೆ ಓಡಿಸಿದರೂ ಬುಟ್ಟಿಯಲ್ಲಿರುವ ಕೋಳಿಮೊಟ್ಟೆ ಒಡೆಯಕೂಡದು. ಆ ಕಾರು 1948ರಲ್ಲಿ ಪ್ಯಾರಿಸ್ಸಿನಲ್ಲಿ ಬೆಳಕಿಗೆ ಬಂದಿತು.

ನಮ್ಮ ದೇಶದಲ್ಲಿ ಬಹುಕಾಲ ಅಂಬಾಸಡರು ಮತ್ತು ಫಿಯಟ್ಟುಗಳದೇ ರಾಜ್ಯಭಾರ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಮೇಲೆ ಮಧ್ಯಮ ವರ್ಗದವರಿಗೆ ಕಾರಿನ ಬಾಗಿಲು ತೆರೆಯಿತು. ಅದರ ತಯಾರಿಕೆ 2014ರಲ್ಲಿ ನಿಂತಿತು. 2001ರಲ್ಲಿ ನಮ್ಮ ಬೆಂಗಳೂರಿನಿಂದಲೇ ‘ರೇವಾ’ ಎಂಬ ಪುಟ್ಟ ವಿದ್ಯುತ್ ಕಾರು ಹೊರಟಿತು. 2009ರಲ್ಲಿ ಟಾಟಾ ಸಂಸ್ಥೆಯವರು ಒಂದು ಲಕ್ಷ ರೂಪಾಯಿಯ ಕಾರೆಂದು ಜಗತ್ತೆಲ್ಲ ಹೆಸರಾದ ನ್ಯಾನೋವನ್ನು ಮಾರಾಟಕ್ಕಿಟ್ಟರು. ಅದರ ಬುದ್ಧಿವಂತಿಕೆಯನ್ನು ಎಲ್ಲರೂ ಹೊಗಳಿದರು. ಆದರೆ ಎಲ್ಲಕ್ಕಿಂತ ಅಗ್ಗದ ಕಾರೆಂಬ ಬಿರುದೇ ಅದಕ್ಕೆ ಮುಳುವಾಯಿತು. 2018ರಲ್ಲಿ ಅದರ ತಯಾರಿಕೆ ಮುಗಿದುಹೋಯಿತು. ಅಗ್ಗವೆಂಬ ಒಂದೇ ಗುಣಕ್ಕಾಗಿ ಜನರು ಕಾರನ್ನು ಕೊಳ್ಳುವುದಿಲ್ಲವೆಂಬುದು ಇದರಿಂದ ವೇದ್ಯವಾಗುತ್ತದೆ.

ಇನ್ನು ಪ್ರಕೃತಕ್ಕೆ ಬರೋಣ. ಕಡಿಮೆ ಬೆಲೆಯ ಕಾರುಗಳಲ್ಲಿ ಮೂರನ್ನು ಹೋಲಿಕೆಗೆ ಆರಿಸಿಕೊಂಡಿದ್ದೇವೆ: ಮಾರುತಿಯ ಆಲ್ಟೊ ಕೆ10, ರೆನೋ ಸಂಸ್ಥೆಯ ಕ್ವಿಡ್, ಟಾಟಾದ ಟಿಯಾಗೊ. ತೆರಿಗೆ ಇಳಿದಮೇಲೆ, 2025ರ ಸೆಪ್ಟೆಂಬರಿನಲ್ಲಿ, ಇವುಗಳ ಮಳಿಗೆಯ ಬೆಲೆ ಅನುಕ್ರಮವಾಗಿ ಸುಮಾರು 3.70 ಲಕ್ಷ, 4.30 ಲಕ್ಷ ಮತ್ತು 4.57 ಲಕ್ಷ ರೂಪಾಯಿಗಳಿಂದ ಮೊದಲಾಗುತ್ತಿದ್ದುವು. ಆಲ್ಟೊ 998 ಸಿ.ಸಿ.ಯ ಯಂತ್ರದಿಂದ 67 ಅಶ್ವಶಕ್ತಿಯಷ್ಟನ್ನು ಕೊಡುತ್ತದೆ. ಕ್ವಿಡ್ 999 ಸಿ.ಸಿ.ಯಿಂದ 68, ಟಿಯಾಗೊ 1,199 ಸಿ.ಸಿ.ಯಿಂದ 86. ಉದ್ದದಲ್ಲಿ ಆಲ್ಟೊ 3,530 ಮಿಲಿಮೀಟರು, ಕ್ವಿಡ್ 3,731, ಟಿಯಾಗೊ 3,765. ಅಂದರೆ ಎಲ್ಲಕ್ಕಿಂತ ಚಿಕ್ಕದಕ್ಕೂ ದೊಡ್ಡದಕ್ಕೂ ಇರುವ ಅಂತರ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು.

ಮಳಿಗೆಯವರು ಫಲಕದಲ್ಲಿ ಬರೆದ ಬೆಲೆಗೆ ಕಾರು ಮನೆಗೆ ಬರುವುದಿಲ್ಲ. ನಮ್ಮ ರಾಜ್ಯದಲ್ಲಿ ಐದು ಲಕ್ಷದೊಳಗಿನ ಕಾರಿಗೆ ಆಜೀವ ತೆರಿಗೆಯೆಂದು ನೂರಕ್ಕೆ 13ರಷ್ಟು ತೆರಬೇಕು. ಆ ತೆರಿಗೆಯ ಮೇಲೆ ಉಪಕರ ಬೇರೆ. ಆಲ್ಟೊಗೆ ತೆರಿಗೆಯೊಂದೇ 48,000 ರೂಪಾಯಿಗಳಾಯಿತು. ಹೊಸ ಕಾರಿಗೆ ಮೂರು ವರ್ಷಗಳ ಇತರರ ನಷ್ಟದ ವಿಮೆಯನ್ನು ಒಮ್ಮೆಗೇ ಕಟ್ಟಬೇಕೆಂಬ ಕಟ್ಟಳೆ 2018ರಿಂದ ಉಂಟು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. 2022ರಲ್ಲಿ ಗೊತ್ತುಮಾಡಿದ ದರದಂತೆ 1,000 ಸಿ.ಸಿ. ಮೀರದ ಕಾರಿಗೆ ಈ ಮೂರು ವರ್ಷಗಳ ಕಂತು 6,521 ರೂಪಾಯಿ; ಅದನ್ನು ಮೀರಿದರೆ 10,640. ಆಲ್ಟೊ, ಕ್ವಿಡ್ ಎರಡೂ ಗೆರೆಯ ಈಚೆಗೆ ಕೂದಲೆಳೆಯಷ್ಟರಲ್ಲಿ ನಿಂತಿವೆ; ಟಿಯಾಗೊ ಗೆರೆಯ ಆಚೆಗಿದೆ. ತನ್ನ ಕಾರಿನ ನಷ್ಟದ ವಿಮೆ, ನೋಂದಣಿ, ಇತ್ಯಾದಿಗಳನ್ನು ಸೇರಿಸಿದರೆ ಆಲ್ಟೊ ನಾಲ್ಕೂಕಾಲು ಲಕ್ಷವನ್ನು ದಾಟುವುದು. ಕ್ವಿಡ್ ಐದು ಲಕ್ಷವನ್ನು ಮುಟ್ಟುವುದು. ಟಿಯಾಗೊ ಐದೂಕಾಲನ್ನು ಮೀರುವುದು. ಮನೆಯಲ್ಲಿ ಲೆಕ್ಕ ಹಾಕುವವರು ಈ ಅಂಕಿಗಳಿಂದ ಮೊದಲುಮಾಡಬೇಕೇ ಹೊರತು ಫಲಕದ ಅಂಕಿಗಳಿಂದಲ್ಲ.

ಸಾಲದ ಮಾತು ಇದಕ್ಕಿಂತ ಮುಖ್ಯವಾದುದು. ಮೂರೂವರೆ ಲಕ್ಷ ರೂಪಾಯಿಯನ್ನು ನೂರಕ್ಕೆ 9ರ ಬಡ್ಡಿಯಂತೆ ಐದು ವರ್ಷಗಳಿಗೆ ತಂದರೆ ತಿಂಗಳ ಕಂತು ಸುಮಾರು 7,265 ರೂಪಾಯಿ. ವರ್ಷಕ್ಕೆ 87,000ಕ್ಕೆ ಮೇಲೆ. ಇದನ್ನು ನಮ್ಮ ಸೀಮೆಯ ನಾಣ್ಯದಲ್ಲಿ, ಎಂದರೆ ಕೊಬ್ಬರಿಯಲ್ಲಿ, ಎಣಿಸಿ ನೋಡೋಣ. ಕ್ವಿಂಟಾಲಿಗೆ 25,000 ದೊರೆಯುವ ವರ್ಷ ಮೂರೂವರೆ ಕ್ವಿಂಟಾಲು ಮಾರಿದರೆ ವರ್ಷದ ಕಂತು ತೀರಿತು. 2025ರ ಹಂಗಾಮಿಗೆ ಸರ್ಕಾರವು ಗೊತ್ತುಮಾಡಿದ ಬೆಂಬಲ ಬೆಲೆ 12,100 ರೂಪಾಯಿ. ಆ ಲೆಕ್ಕದಲ್ಲಿ ಏಳು ಕ್ವಿಂಟಾಲಿಗೂ ಹೆಚ್ಚು ಬೇಕು. 8,000ಕ್ಕೆ ಇಳಿದ ವರ್ಷವಾದರೆ ಹನ್ನೊಂದು ಕ್ವಿಂಟಾಲಿನ ಹತ್ತಿರ. ಕಾರು ಅದೇ, ಕಂತು ಅದೇ. ಅಟ್ಟದಿಂದ ಇಳಿಯುವ ಕಾಯಿ ಮಾತ್ರ ಮೂರು ಪಟ್ಟು. ಅದಲ್ಲದೆ ಕಾಯಿ ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿ ಉಂಡೆ ಕೊಬ್ಬರಿಯಾಗುವುದು. ತೋಟಗಾರನ ಕೈಗೆ ಹಣ ಬರುವುದು ವರ್ಷಕ್ಕೆ ಕೆಲವು ಬಾರಿ. ಬ್ಯಾಂಕಿನ ಕಂತಾದರೋ ತಿಂಗಳು ತಿಂಗಳಿಗೂ ಬಾಗಿಲು ತಟ್ಟುವುದು. ಆದಕಾರಣ ಕೃಷಿಕರಿಗೆ ಆರು ತಿಂಗಳಿಗೊಮ್ಮೆ ಕಂತು ಕಟ್ಟುವ ಅನುಕೂಲವುಂಟೋ ಎಂದು ಮೊದಲೇ ವಿಚಾರಿಸತಕ್ಕದ್ದು. ಹನ್ನೊಂದು ಕ್ವಿಂಟಾಲು ತೆಗೆದಮೇಲೂ ಮನೆಯ ಖರ್ಚಿಗೆ, ಗೊಬ್ಬರಕ್ಕೆ, ಮಕ್ಕಳ ಓದಿಗೆ ಉಳಿಯುವುದಾದರೆ ಧೈರ್ಯವಾಗಿ ಸಾಲ ಮಾಡಬಹುದು. ಇಲ್ಲವಾದರೆ ಹೆಚ್ಚು ಮುಂಗಡ ಕೊಟ್ಟು ಸಾಲವನ್ನು ತಗ್ಗಿಸಬೇಕು, ಅಥವಾ ಒಂದು ವರ್ಷ ತಾಳಬೇಕು.

ಪೆಟ್ರೋಲಿನ ಉಳಿತಾಯದ ವಿಷಯದಲ್ಲಿ ಜಾಹಿರಾತುಗಳು ಕೊಡುವ ಅಂಕಿಗಳು ಪ್ರಯೋಗಶಾಲೆಯವು. ಆಲ್ಟೊಗೆ ಲೀಟರಿಗೆ 24.39 ಕಿಲೋಮೀಟರೆಂದೂ, ಕ್ವಿಡ್ಡಿಗೆ 21ಕ್ಕೆ ಮೇಲೆಂದೂ, ಟಿಯಾಗೊಗೆ ಸುಮಾರು 20 ಎಂದೂ ಹೇಳುತ್ತಾರೆ. ನಮ್ಮ ರಸ್ತೆಯ ಉಬ್ಬುತಗ್ಗುಗಳಲ್ಲಿ ಮೂರಕ್ಕೂ ಇದರಲ್ಲಿ ಸ್ವಲ್ಪ ಖೋತಾ ಆಗುವುದು. ಹೋಲಿಕೆಗೆ ಮಾತ್ರ ಈ ಅಂಕಿಗಳನ್ನು ಇಟ್ಟುಕೊಳ್ಳಬಹುದು. ತಿಂಗಳಿಗೆ 600 ಕಿಲೋಮೀಟರು ಓಡಿಸುವ ಮನೆಯಲ್ಲಿ, ಪೆಟ್ರೋಲಿನ ಬೆಲೆ ಲೀಟರಿಗೆ 103 ರೂಪಾಯಿ ಎಂದಿಟ್ಟುಕೊಂಡರೆ, ಆಲ್ಟೊಗೂ ಟಿಯಾಗೊಗೂ ವರ್ಷದಲ್ಲಿ ಬೀಳುವ ವ್ಯತ್ಯಾಸ ಸುಮಾರು 6,700 ರೂಪಾಯಿ. ಇದು ಅಲಕ್ಷಿಸುವ ಮೊತ್ತವಲ್ಲ. ಆದರೆ ಇದೊಂದರ ಮೇಲೆಯೇ ನಿರ್ಧಾರ ಮಾಡುವಷ್ಟು ದೊಡ್ಡದೂ ಅಲ್ಲ.

ಸೌಕರ್ಯಗಳ ಪಟ್ಟಿಯನ್ನು ಓದುವಾಗ ಗೃಹಿಣಿಯರು ಕಣ್ಣನ್ನು ಚುರುಕಾಗಿ ಇಟ್ಟುಕೊಳ್ಳಬೇಕು. ಜಾಹಿರಾತಿನಲ್ಲಿ ಬೆಲೆ ಬರೆಯುವುದು ಎಲ್ಲಕ್ಕಿಂತ ಕೆಳಗಿನ ಮಾದರಿಗೆ. ಚಿತ್ರ ಹಾಕುವುದು ಎಲ್ಲಕ್ಕಿಂತ ಮೇಲಿನದರದು. ಕೆಳಗಿನ ಮಾದರಿಯಲ್ಲಿ ಹವಾನಿಯಂತ್ರಣ, ಹಗುರವಾಗಿ ತಿರುಗುವ ಪವರ್ ಸ್ಟಿಯರಿಂಗ್, ಗುಂಡಿಯೊತ್ತಿದರೆ ಇಳಿಯುವ ಕಿಟಕಿ ಇವೆಲ್ಲ ಇದ್ದೇ ಇರಬೇಕೆಂದಿಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ ಹಸುಗೂಸಿನೊಡನೆ ತುಮಕೂರಿಗೆ ಹೋಗುವವರಿಗೆ ಹವಾನಿಯಂತ್ರಣ ಬೇಕಾದದ್ದೇ. ದೊಡ್ಡ ಪರದೆಯ ಸಂಗೀತಯಂತ್ರವಾದರೋ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಸಾಮಾನು ಇಡುವ ಹಿಂಗೋಣೆ ಕ್ವಿಡ್ಡಿನಲ್ಲಿ 279 ಲೀಟರು, ಟಿಯಾಗೊದಲ್ಲಿ 242, ಆಲ್ಟೊದಲ್ಲಿ 214. ಮದುವೆಗೆ ಹೊರಟ ಮನೆಯವರ ಪೆಟ್ಟಿಗೆ, ಹಣ್ಣುಕಾಯಿಯ ಬುಟ್ಟಿ, ಜೊತೆಗೆ ನೆಂಟರಿಗೆಂದು ಒಂದು ಚೀಲ ಎಳನೀರು ಎಂದರೆ ಈ ವ್ಯತ್ಯಾಸ ಗೊತ್ತಾಗುತ್ತದೆ. ಕೊಬ್ಬರಿಯ ಮೂಟೆಯನ್ನು ಸಾಗಿಸುವುದಕ್ಕೆ ಈ ಯಾವ ಕಾರೂ ತಕ್ಕುದಲ್ಲ. ಆ ಕೆಲಸಕ್ಕೆ ಬಾಡಿಗೆಯ ಸರಕುಬಂಡಿಯೇ ಲೇಸು. ಮೂರರಲ್ಲಿಯೂ ಕ್ಲಚ್ಚಿನ ತೊಡಕಿಲ್ಲದೆ ಗೇರು ತಾನೇ ಬದಲಾಯಿಸುವ ಮಾದರಿಗಳುಂಟು. ಬೆಲೆ ಹೆಚ್ಚಾದರೂ, ಮನೆಯ ಹೆಂಗಸರೂ ಓಡಿಸಲು ಕಲಿಯುವುದಾದರೆ ಆ ಹಣ ವ್ಯರ್ಥವಲ್ಲ. ಗಂಡಸರು ಪೇಟೆಗೋ ತೋಟಕ್ಕೋ ಹೋಗಿದ್ದ ಹೊತ್ತಿನಲ್ಲಿ ಕಾರು ಕೊಟ್ಟಿಗೆಯಲ್ಲಿ ನಿಂತಿದ್ದು, ಮಗುವನ್ನು ವೈದ್ಯರ ಬಳಿಗೆ ಒಯ್ಯಲು ಆಟೋವನ್ನು ಕಾಯಬೇಕಾಗಿ ಬಂದರೆ ಆ ಕಾರಿನಿಂದ ಏನು ಪ್ರಯೋಜನ?

ಸವಾರಿಯ ಸುಖವೆಂಬುದು ರಸ್ತೆಯನ್ನು ಅವಲಂಬಿಸಿದ್ದು. ಹೊನ್ನವಳ್ಳಿಯ ಸಂಸಾರಕ್ಕೆ ಮೂರು ಬಗೆಯ ರಸ್ತೆಗಳುಂಟು: ತೋಟದಿಂದ ಊರಿಗೆ ಬರುವ ಮಣ್ಣಿನ ಜಾಡು, ಊರಿನಿಂದ ತಿಪಟೂರಿಗೆ ಹೋಗುವ ಡಾಂಬರು ದಾರಿ, ಅಲ್ಲಿಂದ ತುಮಕೂರು ಬೆಂಗಳೂರುಗಳಿಗೆ ಹೋಗುವ ಹೆದ್ದಾರಿ. ಮಣ್ಣಿನ ಜಾಡಿನಲ್ಲಿ ಗಾಡಿಯ ಗಾಲಿಗಳು ಕೊರೆದ ಹಳ್ಳಗಳ ನಡುವೆ ಏರು ಉಳಿದಿರುತ್ತದೆ. ಕಾರಿನ ಹೊಟ್ಟೆ ಅದಕ್ಕೆ ತಾಗಕೂಡದು. ನೆಲದಿಂದ ಹೊಟ್ಟೆಗೆ ಕ್ವಿಡ್ಡಿನಲ್ಲಿ 184 ಮಿಲಿಮೀಟರು, ಟಿಯಾಗೊದಲ್ಲಿ 170ರಷ್ಟು ಅಂತರವಿದೆ. ಆಲ್ಟೊ ಇವೆರಡಕ್ಕಿಂತ ತಗ್ಗು. ಕ್ವಿಡ್ಡಿನ ಗಾಲಿಯೂ 14 ಅಂಗುಲದ್ದು, ಆಲ್ಟೊದ್ದು 13. ಆದುದರಿಂದ ಮಳೆಗಾಲದ ಜಾಡಿನಲ್ಲಿ ಕ್ವಿಡ್ಡಿಗೆ ಮೇಲ್ಗೈ. ತಿಪಟೂರಿನ ಪೇಟೆಬೀದಿಯಲ್ಲಿ, ಸರಕುಬಂಡಿಗಳ ನಡುವೆ ನುಸುಳಿ ತಿರುಗುವುದಕ್ಕೆ ಆಲ್ಟೊಗೆ ಸಮನಿಲ್ಲ. ಕಲಿಯುವವರಿಗೂ ಅದು ಸಾಧುವಾದ ವಾಹನ. ಆದರೆ ಹೆದ್ದಾರಿಯಲ್ಲಿ ದೊಡ್ಡ ಲಾರಿಯೊಂದು ಬೀಸಿ ದಾಟಿಹೋದಾಗ ಹಗುರವಾದ ಕಾರು ಅಲುಗುವುದು. ಐವರು ಕುಳಿತು ಲಾರಿಯನ್ನು ಹಿಂದಿಕ್ಕಬೇಕಾದಾಗ ಸಣ್ಣ ಯಂತ್ರ ಏದುಸಿರು ಬಿಡುವುದು. ಅಲ್ಲಿ ಟಿಯಾಗೊದ ತೂಕವೂ ಶಕ್ತಿಯೂ ಉಪಯೋಗಕ್ಕೆ ಬರುವುವು.

ಇದು ನಮ್ಮನ್ನು ಎಲ್ಲಕ್ಕಿಂತ ಗುರುತರವಾದ ವಿಷಯಕ್ಕೆ ತರುತ್ತದೆ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆಯವರು ಭಾರತದ ಐದು ಸಣ್ಣ ಕಾರುಗಳನ್ನು ಗೋಡೆಗೆ ಡಿಕ್ಕಿ ಹೊಡೆಸಿ ಪರೀಕ್ಷಿಸಿದಾಗ, ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಒಂದು ನಕ್ಷತ್ರವೂ ದೊರೆಯಲಿಲ್ಲ. ಅಂದಿನ ಆಲ್ಟೊ 800, ನ್ಯಾನೋಗಳೂ ಅವುಗಳಲ್ಲಿದ್ದುವು. 2016ರಲ್ಲಿ ಕ್ವಿಡ್ಡಿಗೂ ಮೊದಲ ಪರೀಕ್ಷೆಯಲ್ಲಿ ಸೊನ್ನೆಯೇ ಬಂದಿತು. 2020ರಲ್ಲಿ ಟಿಯಾಗೊ, ದೊಡ್ಡವರ ರಕ್ಷಣೆಗಾಗಿ ಐದರಲ್ಲಿ ನಾಲ್ಕು ನಕ್ಷತ್ರ ಪಡೆಯಿತು. 2023ರಲ್ಲಿ ಆಲ್ಟೊ ಕೆ10ಕ್ಕೆ ದೊಡ್ಡವರ ರಕ್ಷಣೆಯಲ್ಲಿ ಎರಡು, ಮಕ್ಕಳ ರಕ್ಷಣೆಯಲ್ಲಿ ಸೊನ್ನೆ. ಆಮೇಲೆ ಸುಧಾರಣೆಗಳಾಗಿವೆ: ಗಾಲಿ ಜಾರದಂತೆ ತಡೆಹಿಡಿಯುವ ಬ್ರೇಕು 2019ರಿಂದಲೂ, ಮುಂದಿನ ಇಬ್ಬರಿಗೆ ಗಾಳಿಚೀಲಗಳು 2022ರಿಂದಲೂ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾದುವು, ಆಲ್ಟೊ ಕೆ10ದ ಎಲ್ಲ ಮಾದರಿಗಳಿಗೂ 2025ರ ಮಾರ್ಚಿನಿಂದ ಆರು ಗಾಳಿಚೀಲಗಳನ್ನು ಹಾಕಿದರು. ಗಾಳಿಚೀಲ ಒಳ್ಳೆಯದೇ, ಆದರೆ ಕಾರಿನ ಮೈಕಟ್ಟು ಡಿಕ್ಕಿಯಲ್ಲಿ ಕುಸಿಯದೆ ನಿಲ್ಲುವುದು ಬೇರೆಯೇ ಗುಣ. ಇವೆರಡನ್ನೂ ಮೀರಿದ ರಕ್ಷಣೆ ಒಂದುಂಟು. ಅದಕ್ಕೆ ಹಣ ಬೇಕಿಲ್ಲ. ಹಿಂದೆ ಕುಳಿತವರೂ ಪಟ್ಟಿ ಕಟ್ಟಿಕೊಳ್ಳಬೇಕೆಂಬುದು ಕಾನೂನು. ನಮ್ಮ ಸಂಸಾರಗಳಲ್ಲಿ ಹಿಂದೆ ಕೂರುವವರು ಅಜ್ಜಿ, ತಾಯಿ, ಮಕ್ಕಳು. ಪಟ್ಟಿ ಕಟ್ಟದೆ ಕೂರುವವರೂ ಅವರೇ. ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡರೆ ಭದ್ರವೆಂದು ತಾಯಂದಿರು ಭಾವಿಸುವುದುಂಟು. ಡಿಕ್ಕಿಯ ಕ್ಷಣದಲ್ಲಿ ಯಾವ ತಾಯಿಯ ತೋಳಿಗೂ ಆ ವೇಗವನ್ನು ತಡೆಯುವ ಬಲವಿಲ್ಲ. ಮಗುವಿನ ಪೀಠವೊಂದನ್ನು ಕಾರಿನೊಡನೆಯೇ ಕೊಳ್ಳುವುದು ಉಚಿತ.

ಹಳೆಯ ಕಾರನ್ನು ಕೊಳ್ಳಬಹುದೇ ಎಂದು ಕೇಳುವವರಿಗೆ ಒಂದು ಮಾತು. ಕೊಳ್ಳಬಹುದು, ಆದರೆ 2023ರ ಏಪ್ರಿಲಿನ ಈಚೆಗೆ ತಯಾರಾದದ್ದಾದರೆ ಮೇಲು. ನೂರಕ್ಕೆ ಇಪ್ಪತ್ತರಷ್ಟು ಎಥನಾಲು ಬೆರೆತ ಪೆಟ್ರೋಲಿಗೆ ಒಗ್ಗುವ ಭಾಗಗಳನ್ನು ಹೊಸ ಕಾರುಗಳಲ್ಲಿ ಹಾಕಲು ತೊಡಗಿದ್ದು ಆಗಿನಿಂದ. ವಿದ್ಯುತ್ ಕಾರುಗಳಲ್ಲಿ ಟಿಯಾಗೊದ ವಿದ್ಯುತ್ ಮಾದರಿ 2022ರಲ್ಲಿ ಬಂದಿತು. ಓಡಿಸುವ ಖರ್ಚು ಬಹಳ ಕಡಮೆ, ಕೊಳ್ಳುವ ಬೆಲೆ ಬಹಳ ಹೆಚ್ಚು. ತಿಪಟೂರಿಗೆ ದಿನವೂ ಹೋಗಿಬರುವ ಅಧ್ಯಾಪಕರಂಥವರಿಗೆ ಅದು ಲಾಭಕರವಾದೀತು. ತಿಂಗಳಿಗೆ ನಾಲ್ಕು ಸಾರಿ ಹೊರಡುವ ಮನೆಗೆ ಆಗಲಾರದು.

ತೆಂಗಿನ ಸೀಮೆಗೇ ವಿಶೇಷವಾದ ಎರಡು ಎಚ್ಚರಿಕೆಗಳನ್ನೂ ಹೇಳಬೇಕು. ನೆರಳಿಗೆಂದು ಕಾರನ್ನು ತೆಂಗಿನ ಮರದ ಕೆಳಗೆ ನಿಲ್ಲಿಸಬಾರದು. ಒಂದು ಕಾಯಿಯೋ ಒಣಗಿದ ಗರಿಯೋ ಬಿದ್ದರೆ ಗಾಜೂ ಹೋಯಿತು, ಮಾಡೂ ತಗ್ಗಿತು. ಎರಡನೆಯದಾಗಿ, ಕೊಬ್ಬರಿ ಇರುವ ಮನೆಯಲ್ಲಿ ಇಲಿ ಇದ್ದೇ ಇರುವುದು. ಅದು ಕಾರಿನ ಯಂತ್ರದೊಳಗಿನ ಬೆಚ್ಚನೆಯ ಮೂಲೆಯಲ್ಲಿ ಸೇರಿಕೊಂಡು ತಂತಿಗಳನ್ನು ಕಡಿಯುವುದು. ಅಟ್ಟದ ಕೆಳಗೆ ಕಾರನ್ನಿಡದೆ, ವಾರಕ್ಕೊಮ್ಮೆಯಾದರೂ ಮುಚ್ಚಳ ತೆಗೆದು ನೋಡತಕ್ಕದ್ದು.

ಕೊಳ್ಳುವ ಮುನ್ನ ಓಡಿಸಿ ನೋಡುವಾಗ ಮಳಿಗೆಯ ಮುಂದಿನ ನುಣುಪಾದ ರಸ್ತೆಯಲ್ಲಿ ಒಂದು ಸುತ್ತು ಹಾಕಿ ತೃಪ್ತಿಪಡಬಾರದು. ಮನೆಯ ಐವರನ್ನೂ ಕೂರಿಸಿ. ಮಂಡಿನೋವಿರುವ ಅಜ್ಜಿಗೆ ಹತ್ತಿ ಇಳಿಯುವುದು ಸಲೀಸೇ ಎಂದು ಕೇಳಿ. ಹಿಂದಿನ ಸೀಟಿನಲ್ಲಿ ಮೊಣಕಾಲು ಮುಂದಕ್ಕೆ ತಾಗುವುದೇ, ತಲೆ ಮಾಡಿಗೆ ಬಡಿಯುವುದೇ ನೋಡಿ. ಸಾಧ್ಯವಾದರೆ ನಿಮ್ಮ ತೋಟದ ಜಾಡಿನಲ್ಲಿಯೇ ಓಡಿಸಿ. ಕತ್ತಲಾದಮೇಲೆ ದೀಪದ ಬೆಳಕನ್ನೂ ಪರೀಕ್ಷಿಸಿ. ಫ್ರಾನ್ಸಿನವರಿಗೆ ಮೊಟ್ಟೆಯ ಬುಟ್ಟಿ ಇದ್ದಂತೆ ನಮಗೆ ಮಜ್ಜಿಗೆಯ ಗಡಿಗೆಯುಂಟು. ಅದು ತುಳುಕದೆ ಮನೆಯಿಂದ ಊರಿಗೆ ಬಂದರೆ ಆ ಕಾರಿನ ಸವಾರಿ ನಮ್ಮ ರಸ್ತೆಗೆ ಸರಿಹೋಯಿತೆಂದು ತಿಳಿಯಬಹುದು.

ಹಾಗಾದರೆ ಯಾವುದನ್ನು ಕೊಳ್ಳಬೇಕು? ನಮ್ಮ ಅಭಿಪ್ರಾಯ ಹೀಗಿದೆ. ಮನೆಯಲ್ಲಿ ಇಬ್ಬರು ಮೂವರೇ ಇದ್ದು, ಓಡಾಟ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳೊಳಗೇ ಮುಗಿಯುವುದಾದರೆ ಆಲ್ಟೊ ಸಾಕು. ಖರ್ಚು ಹಗುರ, ಕೈಗೆ ಸಾಧು. ತೋಟದ ಮನೆಯ ಜಾಡು ಕೆಟ್ಟದಾಗಿದ್ದು ಸಾಮಾನೂ ಹೆಚ್ಚಾದರೆ ಕ್ವಿಡ್ಡನ್ನು ನೋಡಬಹುದು. ಆದರೆ ಆಗ ಹೆದ್ದಾರಿಯಲ್ಲಿ ವೇಗವನ್ನು ಹಿಡಿತದಲ್ಲಿಡತಕ್ಕದ್ದು. ಮಕ್ಕಳು ಬೆಂಗಳೂರಿನಲ್ಲಿದ್ದು ತಿಂಗಳಿಗೆರಡು ಸಾರಿ ಹೆದ್ದಾರಿ ಹಿಡಿಯುವ ತುಂಬು ಸಂಸಾರವಾದರೆ, ಬೆಲೆಯೂ ಪೆಟ್ರೋಲೂ ಸ್ವಲ್ಪ ಹೆಚ್ಚಾದರೂ ಟಿಯಾಗೊದಂಥ ಗಟ್ಟಿಯಾದ ಕಾರನ್ನೇ ಆರಿಸಬೇಕು. ಅದಕ್ಕೆ ಹಣ ಸಾಲದಿದ್ದರೆ ಅದರಲ್ಲಿಯೇ ಎರಡು ಮೂರು ವರ್ಷ ಓಡಿದ ಒಳ್ಳೆಯದೊಂದನ್ನು ಹುಡುಕುವುದು, ಹೊಸದಾದರೂ ಅಳ್ಳಕವಾದುದನ್ನು ಕೊಳ್ಳುವುದಕ್ಕಿಂತ ಲೇಸು.

ಕೊನೆಯದಾಗಿ, ಈ ಲೆಕ್ಕವನ್ನು ಯಜಮಾನರೊಬ್ಬರೇ ಕುಳಿತು ಮಾಡಬಾರದು. ಅಟ್ಟದ ಮೇಲೆ ಎಷ್ಟು ಕಾಯಿ ಇದೆಯೆಂಬುದು ಅವರಿಗೆ ಗೊತ್ತಿದ್ದರೆ, ತಿಂಗಳ ಕೊನೆಗೆ ಡಬ್ಬಿಯಲ್ಲಿ ಎಷ್ಟು ಉಳಿಯುವುದೆಂಬುದು ಮನೆಯೊಡತಿಗೆ ಗೊತ್ತು. ಇಬ್ಬರೂ ಕಾಗದವನ್ನು ಮುಂದಿಟ್ಟುಕೊಂಡು, ಕೊಬ್ಬರಿಗೆ 8,000 ರೂಪಾಯಿಯನ್ನೇ ಬರೆದು ಕೂಡಿ ಕಳೆದು ನೋಡಲಿ. ಆಗಲೂ ಎಟಕುವ ಕಾರು ಯಾವುದೋ ಅದೇ ಆ ಮನೆಗೆ ತಕ್ಕ ಕಾರು.